ಹಸ್ತಾ ಮಳೆ, ಹಸ್ತಾ ಚುಕ್ಕಿ

ಆಳಂದದ ತಂಗಿಗೆ,

ನಮಸ್ಕಾರ. ನೀವು ಕಳಿಸಿದ ‘ಬಾಹ್ಯಾಕಾಶದ ಮಹಾಯುದ್ಧ’ ಎರಡು ಸಲ ಓದಿದೆ. ಗ್ಯಾಲಕ್ಸಿಗಳು, ಅಂದರೆ ಕೋಟ್ಯಂತರ ನಕ್ಷತ್ರಗಳ ಗುಂಪುಗಳು, ಡಿಕ್ಕಿ ಹೊಡೆದಾಗ ಹೊಸ ನಕ್ಷತ್ರಗಳು ಹೇಗೆ ಹುಟ್ಟುತ್ತವೆ ಅನ್ನೋದನ್ನ ಹೇಳೋಕೆ ಹೊರಟಿದ್ದೀರಿ. ವಿಷಯ ಬಹಳ ಇಷ್ಟವಾಯಿತು. ಆದರೆ ಲೇಖನ ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಇದನ್ನು ನೀವು ತಿದ್ದಿ ಬರೆಯಲೇಬೇಕು ಅನ್ನೋದು ನನ್ನ ಆಸೆ.

ಮೊದಲ ಪುಟದಲ್ಲೇ ದೊಡ್ಡ ತಪ್ಪಿದೆ. ‘ಕೋಟಿ ಕೋಟಿ ನಕ್ಷತ್ರಗಳು ಅಪ್ಪಳಿಸಿ, ಚಕಮಕಿ ಕಲ್ಲಿನಂತೆ ಕಿಡಿ ಹಾರಿ, ಆ ಕಿಡಿಗಳೇ ಹೊಸ ನಕ್ಷತ್ರಗಳಾಗುತ್ತವೆ’ ಎಂದು ಬರೆದಿದ್ದೀರಿ. ಹಾಗೆ ಆಗೋದಿಲ್ಲ. ಗ್ಯಾಲಕ್ಸಿಗಳು ಒಂದರೊಳಗೊಂದು ಹಾದುಹೋದರೂ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ಒಂದು ತೊಗರಿ ಕಾಳು ತಗೊಳ್ಳಿ. ಅದೇ ಸೂರ್ಯ ಅಂದುಕೊಂಡು ಕಲಬುರಗಿಯಲ್ಲಿಡಿ. ಸೂರ್ಯನಿಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, 4.2 ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವಷ್ಟು ದೂರವೇ ಒಂದು ಜ್ಯೋತಿರ್ವರ್ಷ). ನಮ್ಮ ಅಳತೆಯಲ್ಲಿ ಅದು ಸಾಸಿವೆಗಿಂತ ಸಣ್ಣದು. ಅದನ್ನು ಇಡಬೇಕಾದ ಜಾಗ ರಾಯಚೂರು, ಸುಮಾರು 140 ಕಿಲೋಮೀಟರ್ ಆಚೆ! ಇನ್ನು ಜೋಳದ ರೊಟ್ಟಿಯ ಲೆಕ್ಕ ನೋಡಿ. ನಮ್ಮ ಗ್ಯಾಲಕ್ಸಿಯಾದ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ನೆರೆಯ ಗ್ಯಾಲಕ್ಸಿ ಆಂಡ್ರೊಮೆಡಾ ಇರೋದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಆಕಾಶಗಂಗೆಯನ್ನು ಒಂದು ರೊಟ್ಟಿ ಅಂದುಕೊಂಡರೆ, ಆಂಡ್ರೊಮೆಡಾ 25 ರೊಟ್ಟಿ ಸಾಲಾಗಿ ಇಟ್ಟಷ್ಟೇ ಆಚೆ. ಒಂದೇ ಪಡಸಾಲೆಯಲ್ಲಿ ಎರಡೂ ಹಿಡಿಸುತ್ತವೆ. ಅದಕ್ಕೇ ರೊಟ್ಟಿಗೆ ರೊಟ್ಟಿ ತಾಗುತ್ತದೆ, ಕಾಳಿಗೆ ಕಾಳು ತಾಗುವುದಿಲ್ಲ.

ಹಾಗಾದರೆ ತಾಗೋದು ಯಾವುದು? ಅನಿಲ. ನಿಮ್ಮ ನಾಲ್ಕು ಪುಟದಲ್ಲಿ ಈ ಪದ ಬಂದಿರೋದು ಒಂದೇ ಸಲ. ನಕ್ಷತ್ರಗಳ ನಡುವೆ ಹೈಡ್ರೋಜನ್ ಮೋಡಗಳಿವೆ. ಹತ್ತಾರು ಜ್ಯೋತಿರ್ವರ್ಷ ಅಗಲ, ಕೆಲವಂತೂ ನೂರಾರು. ಇಷ್ಟು ಹರಡಿಕೊಂಡಿರುವಾಗ ಒಂದನ್ನೊಂದು ತಪ್ಪಿಸಿಕೊಂಡು ಹೋಗೋಕೆ ಜಾಗ ಎಲ್ಲಿದೆ? ಮೋಡಕ್ಕೆ ಮೋಡ ಗುದ್ದಿ ಅನಿಲ ಒತ್ತಾಗುತ್ತದೆ. ಗ್ಯಾಲಕ್ಸಿಗಳ ಎಳೆದಾಟದಲ್ಲಿ ಇನ್ನಷ್ಟು ಅನಿಲ ತಿರುಗುವ ಬಿರುಸು ಕಳೆದುಕೊಂಡು ನಡುವಿಗೆ ಜಾರಿ ಅಲ್ಲಿ ಗುಡ್ಡೆಯಾಗುತ್ತದೆ. ಒತ್ತಾದ ಮೋಡ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ತುಂಡಾಗುತ್ತದೆ. ಒಂದೊಂದು ತುಂಡಿನ ಒಡಲು ಸುಮಾರು 1 ಕೋಟಿ ಡಿಗ್ರಿಗೆ ಕಾದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗತೊಡಗುತ್ತದೆ. ಚುಕ್ಕಿ ಹುಟ್ಟೋದು ಆಗ.

‘ಬೆಂಕಿಯಿಂದ ಬೆಂಕಿ ಹುಟ್ಟಿತು’ ಎಂಬ ಸಾಲನ್ನೂ ತೆಗೆಯಿರಿ. ಆ ಮೋಡಗಳು ಮೈನಸ್ 260 ಡಿಗ್ರಿ ಆಸುಪಾಸಿನ ಚಳಿಯಲ್ಲಿರುತ್ತವೆ. ಕಾದ ಅನಿಲ ಉಬ್ಬಿ ಹೊರಗೆ ಒತ್ತುತ್ತದೆ, ತಣ್ಣಗಿನ ಅನಿಲಕ್ಕೆ ಆ ತಾಕತ್ತು ಇರಲ್ಲ. ಅದಕ್ಕೇ ಅದು ಕುಸಿಯುತ್ತದೆ. ಚಳಿಯೊಳಗಿಂದ ಸೂರ್ಯ ಹುಟ್ಟುತ್ತಾನೆ ಅನ್ನೋದು ಎಂಥ ಸಂಗತಿ, ಅಲ್ವಾ? ಅದನ್ನು ಬಿಟ್ಟು ಚಕಮಕಿ ಕಲ್ಲು ಯಾಕೆ?

ಈಗ ನಿಮ್ಮ ಕೊನೆಯ ಪುಟಕ್ಕೆ ಬರುತ್ತೇನೆ. ವಿಷಯಕ್ಕೆ ಸಂಬಂಧ ಇಲ್ಲ ಅಂದುಕೊಂಡೋ ಏನೋ, ಕೆಳಗಡೆ ಪೆನ್ನಿನಲ್ಲಿ ಸಣ್ಣಗೆ ಬರೆದಿದ್ದೀರಿ. ಹಿಂಗಾರಿ ಜೋಳ ಬಿತ್ತೋಕೆ ಅಪ್ಪ ಹಸ್ತಾ ಮಳೆಗೆ ಕಾಯುತ್ತಾ ಬದುವಿನ ಮೇಲೆ ಕೂತಿರುತ್ತಿದ್ದರು, ‘ಮೋಡ ಎಷ್ಟಿದ್ದರೇನು, ಇಳಿಯಬೇಕಲ್ಲ’ ಅನ್ನುತ್ತಿದ್ದರು ಅಂತ. ತಂಗಿ, ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ಗ್ಯಾಲಕ್ಸಿಯ ಕತೆಯೂ ಇದೇ. ಮೋಡ ಬೇಕಾದಷ್ಟಿರುತ್ತದೆ. ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ಮಾತ್ರ ಚುಕ್ಕಿಯಾಗುತ್ತದೆ. ಉಳಿದದ್ದು ಸುಮ್ನೆ ತೇಲುತ್ತಿರುತ್ತದೆ. ಇನ್ನೊಂದು ಗ್ಯಾಲಕ್ಸಿ ಬಂದು ಗುದ್ದಿದಾಗ ಒಮ್ಮೆಲೇ ಇಳಿಯುತ್ತದೆ.

ಇನ್ನೊಂದು ಮಾತು. ಎರಡನೇ ಪುಟದಲ್ಲಿ, ಒಂದಕ್ಕೊಂದು ಗುದ್ದಿಕೊಳ್ಳುತ್ತಿರುವ ಆಂಟೆನಾ ಗ್ಯಾಲಕ್ಸಿಗಳು ‘ಕಾರ್ವಸ್ ಎಂಬ ನಕ್ಷತ್ರಪುಂಜದಲ್ಲಿವೆ’ ಎಂದಿದ್ದೀರಿ. ಕಾರ್ವಸ್ ಅಂದರೆ ನಮ್ಮ ಹಸ್ತಾ! ನಿಮ್ಮ ಅಪ್ಪ ಹೆಸರು ಹಿಡಿದು ಕಾಯುತ್ತಿದ್ದ ಅದೇ ಹಸ್ತಾ. ಸೆಪ್ಟೆಂಬರ್ ಕೊನೆಗೆ ಸೂರ್ಯ ಆ ನಕ್ಷತ್ರಕ್ಕೆ ಬಂದಾಗ ಹಸ್ತಾ ಮಳೆ ಹೂಡುತ್ತದೆ. ಸೂರ್ಯನೇ ಅಲ್ಲಿರುವುದರಿಂದ ಆ ದಿನಗಳಲ್ಲಿ ಹಸ್ತಾ ಕಾಣೋದಿಲ್ಲ. ನೋಡಬೇಕಾದರೆ ಯುಗಾದಿ ಕಳೆದ ಮೇಲೆ, ಸೆಕೆಗೆ ಮಾಳಿಗೆ ಮೇಲೆ ಹೊರಸು ಹಾಕಿ ಮಲಗುವ ದಿನಗಳಲ್ಲಿ ನೋಡಿ. ರಾತ್ರಿ ದಕ್ಷಿಣದ ಕಡೆ, ಬೆಳ್ಳಗೆ ಹೊಳೆಯುವ ಚಿತ್ತಾ ಪಕ್ಕದಲ್ಲಿ ಅಂಗೈಯಂತೆ ನಾಲ್ಕೈದು ಚುಕ್ಕಿ ಕಾಣುತ್ತವೆ. ಆಂಟೆನಾ ಬರಿಗಣ್ಣಿಗೆ ಕಾಣಲ್ಲ, ಟೆಲಿಸ್ಕೋಪ್ ಬೇಕು. 1785ರಲ್ಲಿ ವಿಲಿಯಂ ಹರ್ಷೆಲ್ ಕಂಡದ್ದೂ ಹಾಗೇ. ಅದರ ಉದ್ದ ಬಾಲಗಳು ಗುರುತ್ವದ ಎಳೆತದಿಂದಲೇ ಆದವು ಎಂದು 1972ರಲ್ಲಿ ಟೂಮ್ರೆ ಸಹೋದರರು ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದರು. 1997ರಲ್ಲಿ ಬಂದ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪಿನ ಚಿತ್ರದಲ್ಲಿ ಸಾವಿರಕ್ಕೂ ಜಾಸ್ತಿ ಎಳೆಯ ನಕ್ಷತ್ರಗುಚ್ಛಗಳು ಸಿಕ್ಕವು. ಇದನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಇಲ್ಲಿ ಒಂದು ಪುಟ ಬರೆಯಿರಿ.

‘ಪ್ರತಿ ಡಿಕ್ಕಿಯಲ್ಲೂ ನಕ್ಷತ್ರಗಳ ಸುಗ್ಗಿ’ ಅನ್ನೋದೂ ಸರಿಯಲ್ಲ. ಅನಿಲ ಮುಗಿದುಹೋದ ಎರಡು ಹಳೇ ಗ್ಯಾಲಕ್ಸಿಗಳು ಕೂಡಿದರೆ ಹೊಸದೇನೂ ಹೆಚ್ಚು ಹುಟ್ಟುವುದಿಲ್ಲ. ವಿಜ್ಞಾನಿಗಳು ಇದನ್ನು ಒಣ ವಿಲೀನ ಅನ್ನುತ್ತಾರೆ, ಅನಿಲ ಇದ್ದರೆ ಹಸಿ ವಿಲೀನ. ನಮ್ಮ ಕಡೆ ಹೊಲಕ್ಕೆ ಖುಷ್ಕಿ, ತರಿ ಅನ್ನೋದಿಲ್ಲವೇ, ಹಾಗೆ. ಇನ್ನು ಡಿಕ್ಕಿಯೇ ಆಗಬೇಕೆಂದೂ ಇಲ್ಲ. ಸಪ್ತರ್ಷಿ ಮಂಡಲದ ಎಂ82 ಎಂಬ ಗ್ಯಾಲಕ್ಸಿಯನ್ನು ನೆರೆಯ ಗ್ಯಾಲಕ್ಸಿ ಎಂ81 ಹತ್ತಿರದಿಂದ ಹಾದು ಎಳೆದದ್ದಕ್ಕೇ ಅಲ್ಲಿ ಆಕಾಶಗಂಗೆಗಿಂತ ಹತ್ತು ಪಟ್ಟು ಬೇಗ ಚುಕ್ಕಿಗಳು ಹುಟ್ಟುತ್ತಿವೆ.

ಆಂಡ್ರೊಮೆಡಾ ನಮಗೆ ‘ಖಂಡಿತ’ ಡಿಕ್ಕಿ ಹೊಡೆಯುತ್ತದೆ ಎಂದು ಬರೆದಿರುವುದನ್ನೂ ತಿದ್ದಿ. 2025ರ ಲೆಕ್ಕದ ಪ್ರಕಾರ ಮುಂದಿನ 1000 ಕೋಟಿ ವರ್ಷದಲ್ಲಿ ಅದು ಆಗುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ.

‘ಮಹಾಯುದ್ಧ’ ಹೆಸರು ಬೇಡ. ‘ಆ ಒಂದು ಕ್ಷಣದಲ್ಲಿ’ ಎಂದು ಮೂರು ಕಡೆ ಬಂದಿದೆ, ಅದೂ ಬೇಡ. ಇದು ಹತ್ತಾರು ಕೋಟಿ ವರ್ಷ ನಡೆಯುವ ಕೆಲಸ.

ಬೇಸರ ಮಾಡಿಕೊಳ್ಳದೆ ಮತ್ತೆ ಬರೆಯಿರಿ. ಅಪ್ಪನ ಮಾತು ಮೊದಲ ಸಾಲಿನಲ್ಲೇ ಬರಲಿ, ಅವರು ಹೇಳಿದ ಹಾಗೇ ಬರಲಿ, ಗ್ರಂಥದ ಭಾಷೆ ಮಾಡಬೇಡಿ. ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಬಿಟ್ಟಿದ್ದೇನೆ. ಹಬ್ಬಕ್ಕೆ ಮೂರು ವಾರ ಮುಂಚೆ ನನ್ನ ಕೈ ಸೇರಿದರೆ ಸಾಕು.