ಮನೆಯಿಂದ ಕೆಲಸಕ್ಕೆ ಹೋದ ಕಿಲೋಮೀಟರ್ ಲೆಕ್ಕಕ್ಕಿಲ್ಲ

ತಂಗಿ, ಮೆಲ್ಬರ್ನ್‌ಗೆ ಬಂದು ವಯಸ್ಸಾದವರ ಆರೈಕೆ ಕೆಲಸಕ್ಕೆ ಸೇರಿದ್ದೀರಿ, ಸ್ವಂತ ಕಾರಲ್ಲೇ ಮನೆಮನೆ ಸುತ್ತುತ್ತಿದ್ದೀರಿ. "ಟ್ಯಾಕ್ಸ್ ತುಂಬುವಾಗ ಸುಮ್ನೆ 5,000 ಕಿಲೋಮೀಟರ್ ಅಂತ ಬರೆದುಬಿಡು, ಯಾರೂ ಕೇಳಲ್ಲ" ಎಂದು ಜೊತೆಯವರು ಹೇಳಿದ್ದು ಸರಿಯಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಕೆಲಸಕ್ಕಾಗಿ ಸ್ವಂತ ಕಾರು ಓಡಿಸಿದ್ದಕ್ಕೆ ಕಿಲೋಮೀಟರಿಗೆ ಇಷ್ಟು ಅಂತ ಲೆಕ್ಕ ಹಾಕಿ, ತೆರಿಗೆ ಕಟ್ಟುವ ಆದಾಯದಿಂದ ಕಳೆಯಬಹುದು. 5,000 ಅನ್ನುವುದು ಆ ಲೆಕ್ಕಕ್ಕೆ ಒಂದು ಕಾರಿಗೆ ವರ್ಷಕ್ಕಿರುವ ಮಿತಿ. ಎಲ್ಲರಿಗೂ ತಾನಾಗಿ ಸಿಗುವುದಲ್ಲ. ರಸೀದಿ ಬೇಡ, ನಿಜ. ಆದರೆ ಟ್ಯಾಕ್ಸ್ ಆಫೀಸಿನವರು ಕೇಳಿದರೆ ಅಷ್ಟು ಕಿಲೋಮೀಟರ್ ಹೇಗಾಯಿತು ಅಂತ ತೋರಿಸಬೇಕು.

ಹೊಸಬರು ಜಾಸ್ತಿ ಎಡವುವುದು ಯಾವ ಓಡಾಟ ಲೆಕ್ಕಕ್ಕೆ ಬರುತ್ತದೆ ಅನ್ನುವುದರಲ್ಲಿ. ನಿಮ್ಮ ಮನೆ ಟಾರ್ನೀಟ್‌ನಲ್ಲಿ, ಬೆಳಗಿನ ಮೊದಲ ಅಜ್ಜಿ ವೆರಿಬೀಯಲ್ಲಿ, ಆಮೇಲಿನ ಅಜ್ಜ ಪಾಯಿಂಟ್ ಕುಕ್‌ನಲ್ಲಿ ಅಂದುಕೊಳ್ಳಿ. ವೆರಿಬೀಯಿಂದ ಪಾಯಿಂಟ್ ಕುಕ್‌ಗೆ ನೇರ ಹೋದದ್ದು ಕೆಲಸದ ಓಡಾಟ. ಬೆಳಿಗ್ಗೆ ಮನೆಯಿಂದ ಹೊರಟಿದ್ದು, ಸಂಜೆ ಮನೆಗೆ ಮರಳಿದ್ದು ಸಾಮಾನ್ಯವಾಗಿ ನಿಮ್ಮ ಸ್ವಂತದ್ದು. ಎಷ್ಟೇ ದೂರವಿರಲಿ, ನಡುರಾತ್ರಿಯ ಶಿಫ್ಟೇ ಆಗಿರಲಿ, ಅಷ್ಟೇ. ಹಾಗಾಗಿ ರೋಸ್ಟರ್, ಅಂದರೆ ನಿಮ್ಮ ಕೆಲಸದ ಪಾಳಿಯ ಪಟ್ಟಿ, ಅಳಿಸಬೇಡಿ. ಯಾವ ದಿನ ಯಾರ ಮನೆಯಿಂದ ಯಾರ ಮನೆಗೆ ಅನ್ನುವುದು ಅದರಲ್ಲೇ ಇದೆ, ಅದಕ್ಕಿಂತ ಒಳ್ಳೆಯ ದಾಖಲೆ ಇನ್ನೇನು ಬೇಕು?

2024-25ರ ದರ ಕಿಲೋಮೀಟರಿಗೆ 88 ಸೆಂಟ್. ಪೆಟ್ರೋಲ್, ಇನ್ಶೂರೆನ್ಸ್, ಸರ್ವಿಸ್ ಎಲ್ಲಾ ಅದರೊಳಗೇ ಬಂತು. ಕೆಲಸದ ಓಡಾಟದ ಟೋಲ್, ಪಾರ್ಕಿಂಗ್ ಮಾತ್ರ ಬೇರೆ ಹಾಕಬಹುದು. ಈ ದುಡ್ಡು ಪೂರ್ತಿ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. 1,000 ಕಿಲೋಮೀಟರಿಗೆ 880 ಡಾಲರ್ ನಿಮ್ಮ ಆದಾಯದಿಂದ ಕಳೆಯುತ್ತಾರೆ. ನೀವು 30% ತೆರಿಗೆಯವರಾದರೆ ಉಳಿಯುವುದು ಸುಮಾರು 264.

ಓಡಾಟ 5,000 ದಾಟುತ್ತದೆ ಅಂತಾದರೆ ಲಾಗ್‌ಬುಕ್ ಇಡಿ. ಬಿಡದೆ 12 ವಾರ ಪ್ರತಿ ಓಡಾಟಕ್ಕೂ ದಿನಾಂಕ, ಓಡೋಮೀಟರ್, ಕಾರಣ ಬರೆಯಬೇಕು, ಖರ್ಚಿನ ದಾಖಲೆಯನ್ನೂ ಇಡಬೇಕು. ಬೇಜಾರಿನ ಕೆಲಸ ಹೌದು, ಆದರೆ ಓಡಾಟದ ರೀತಿ ಬದಲಾಗದಿದ್ದರೆ ಆ ಪುಸ್ತಕ 5 ವರ್ಷ ನಡೆಯುತ್ತದೆ.

ಇನ್ನೊಂದು ಮಾತು. ನಿಮ್ಮ ಪೇಸ್ಲಿಪ್‌ನಲ್ಲಿ ಕಿಲೋಮೀಟರ್ ಅಲವೆನ್ಸ್ ಇದೆಯಾ ನೋಡಿ. ವರ್ಷದ ಇನ್‌ಕಮ್ ಸ್ಟೇಟ್‌ಮೆಂಟ್‌ನಲ್ಲಿ ಅದು ಬಂದಿದ್ದರೆ ಆದಾಯದಲ್ಲಿ ತೋರಿಸಿ, ಆಮೇಲೆ ಓಡಾಟದ ಖರ್ಚು ಕಳೆಯಿರಿ. ಇಲ್ಲಿ ತೆರಿಗೆಯ ವರ್ಷ ಮುಗಿಯುವುದು ಜೂನ್ 30ಕ್ಕೆ. ನೀವೇ ತುಂಬುವುದಾದರೆ ಅಕ್ಟೋಬರ್ 31ರೊಳಗೆ ಮುಗಿಸಿ. ಏಜೆಂಟ್ ಹತ್ತಿರ ಮಾಡಿಸುವುದಾದರೆ ಅಷ್ಟರೊಳಗೆ ಅವರಲ್ಲಿ ಹೆಸರು ಕೊಟ್ಟಿರಿ.