ಗರ್ಭಿಣಿಯರು ಫ್ಲೂ ಇಂಜೆಕ್ಷನ್ ತಗೊಳ್ಳಬಹುದಾ? ಡಾಕ್ಟರ್ ಬೇಕು ಅಂತಾರೆ, ಮನೆಯಲ್ಲಿ ಬೇಡ ಅಂತಾರೆ

ನಿಮಗೆ ಐದು ತಿಂಗಳು. ಡಾಕ್ಟರ್ ಫ್ಲೂ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಮಗುವಿಗೆ ಏನಾದರೂ ಆದರೆ?" ಅಂತ ಅತ್ತೆಗೆ ಭಯ. ನೆಗಡಿಗೆ ಅಷ್ಟೊಂದು ದುಡ್ಡು ಯಾಕೆ ಅಂತ ಗಂಡನಿಗೆ ಅನುಮಾನ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ತಗೊಳ್ಳಿ ಅಂತಲೇ ನಾನು ಹೇಳುವುದು.

ನಾನು ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಗರ್ಭಿಣಿಯರ ತಪಾಸಣೆ ನಡೆಯುವ ಕಡೆಯೇ ನನ್ನ ಡ್ಯೂಟಿ, ಹಾಗಾಗಿ ನಿಮ್ಮ ಮನೆಯ ಮಾತು ನನಗೆ ಹೊಸದಲ್ಲ. ಡಾಕ್ಟರ್ ಚೀಟಿ ಬರೆಯುತ್ತಾರೆ. ಗಂಡ ಮೆಡಿಕಲ್ ಶಾಪಿಗೆ ಹೋಗಿ ರೇಟು ಕೇಳಿಕೊಂಡು ಬರುತ್ತಾರೆ. ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. "ಮುಂದಿನ ಸಲ ನೋಡೋಣ ಸಿಸ್ಟರ್" ಅಂತ ಆಕೆ ಚೀಟಿ ಮಡಚಿ ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳುತ್ತಾಳೆ. ಮುಂದಿನ ತಿಂಗಳು ಕಾರ್ಡ್ ತೆರೆದರೆ ಚೀಟಿ ಹಾಗೇ ಇರುತ್ತದೆ.

ಇದೇ ಹೆಣ್ಣುಮಕ್ಕಳು ಟಿಟಿ ಇಂಜೆಕ್ಷನ್ ಅಂದರೆ ಮರುಮಾತಿಲ್ಲದೆ ತೋಳು ಕೊಡುತ್ತಾರೆ. ಅದನ್ನು ಅಮ್ಮ ತಗೊಂಡಿದ್ದರು, ಅತ್ತೆ ತಗೊಂಡಿದ್ದರು. ಆಶಾ ಕಾರ್ಯಕರ್ತೆ ಮನೆಗೇ ಬಂದು ನೆನಪು ಮಾಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ, ಈಗ ಟಿಟಿ ಬದಲು ಟಿಡಿ ಅಂತ ಕೊಡುತ್ತಾರೆ ಅಷ್ಟೇ. ಫ್ಲೂ ಇಂಜೆಕ್ಷನ್ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ, ಕೈಯಿಂದ ದುಡ್ಡು ಕೊಡಬೇಕು. ಕಂಪನಿ ನೋಡಿಕೊಂಡು ಎರಡು ಸಾವಿರದ ಆಸುಪಾಸು ಆಗುತ್ತದೆ. "ಬೇಕೇ ಬೇಕು ಅಂತಿದ್ದರೆ ಸರ್ಕಾರವೇ ಕೊಡ್ತಿರಲಿಲ್ವಾ?" ಅಂತ ಜನ ಕೇಳುತ್ತಾರೆ. ಹಾಗೆ ಕೇಳುವವರನ್ನು ತಿಳಿವಳಿಕೆ ಇಲ್ಲದವರು ಅನ್ನಲು ನನಗೆ ಮನಸ್ಸಿಲ್ಲ. ಕೂಲಿ ಮಾಡುವ ಮನೆಗೆ ಎರಡು ಸಾವಿರ ದೊಡ್ಡ ದುಡ್ಡು. ಇದು ಪುಕ್ಕಟೆ ಸಿಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಪುಕ್ಕಟೆ ಕೊಡುತ್ತಿಲ್ಲ ಅಂದಮಾತ್ರಕ್ಕೆ ಬೇಡದ್ದು ಅಂತಲ್ಲ. ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲೇ ಈ ಲಸಿಕೆ ಯಾರಿಗೆ ಬೇಕು ಅನ್ನುವ ಕಡೆ ಗರ್ಭಿಣಿಯರ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಗರ್ಭಿಣಿಯರಿಗೆ ಎಲ್ಲರಿಗಿಂತ ಮೊದಲು ಕೊಡಿ ಅಂತ ಹೇಳಿದೆ.

ಇನ್ನು "ಬರೀ ನೆಗಡಿ" ಅನ್ನುವ ಮಾತು. 2009ರ ಹಂದಿಜ್ವರ ನಿಮ್ಮ ಅತ್ತೆಗೆ ನೆನಪಿರಬಹುದು, ಕೇಳಿ ನೋಡಿ. ಆ ಎಚ್1ಎನ್1 ಎಲ್ಲಿಗೂ ಹೋಗಿಲ್ಲ, ಈಗ ಮಾಮೂಲಿ ಫ್ಲೂ ಆಗಿ ನಮ್ಮ ನಡುವೆಯೇ ಇದೆ. ಅಮೆರಿಕದಲ್ಲಿ ಆ ವರ್ಷ ಜನಸಂಖ್ಯೆಯಲ್ಲಿ ಗರ್ಭಿಣಿಯರು ನೂರಕ್ಕೆ ಒಬ್ಬರಷ್ಟು, ಹಂದಿಜ್ವರದಿಂದ ಸತ್ತವರಲ್ಲಿ ಮಾತ್ರ ನೂರಕ್ಕೆ ಸುಮಾರು ಐದು ಮಂದಿ. ಹೊಟ್ಟೆ ಬೆಳೆದ ಹಾಗೆ ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ, ಹೃದಯಕ್ಕೆ ಕೆಲಸ ಜಾಸ್ತಿಯಾಗುತ್ತದೆ. ಅದರ ಮೇಲೆ ಫ್ಲೂ ಬಂದರೆ ಬೇಗ ನ್ಯುಮೋನಿಯಾಗೆ ತಿರುಗಬಹುದು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವೂ ಉಂಟು.

ಮಗುವಿಗೆ ಏನಾದರೂ ಆದರೆ ಅನ್ನುವ ಭಯಕ್ಕೆ ಬರುತ್ತೇನೆ. ಗರ್ಭಿಣಿಯರಿಗೆ ಹಾಕುವ ಇಂಜೆಕ್ಷನ್ನಿನಲ್ಲಿ ಜೀವಂತ ವೈರಸ್ ಇರುವುದಿಲ್ಲ. ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಮೂಗಿಗೆ ಸ್ಪ್ರೇ ಮಾಡುವ ಇನ್ನೊಂದು ಬಗೆ ಇದೆ, ಅದರಲ್ಲಿ ಜೀವಂತ ವೈರಸ್ ಇರುತ್ತದೆ, ಅದನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ. ಹಲವು ದಶಕಗಳಿಂದ ಲಕ್ಷಾಂತರ ಗರ್ಭಿಣಿಯರು ಇದನ್ನು ತಗೊಂಡಿದ್ದಾರೆ. ಮಗುವಿಗೆ ಊನವಾಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಒಂದೆರಡು ದಿನ ತೋಳು ನೋಯುತ್ತದೆ. ಕೆಲವರಿಗೆ ಮೈಕೈ ನೋವು, ಸ್ವಲ್ಪ ಜ್ವರ ಬರುತ್ತದೆ. ಅಷ್ಟೇ.

ಅತ್ತೆಯ ಹತ್ತಿರ ಹೇಳಲೇಬೇಕಾದ ಮಾತು ಇನ್ನೊಂದಿದೆ. ಆರು ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಹಾಕುವ ಹಾಗಿಲ್ಲ. ನೀವು ಈಗ ತಗೊಂಡರೆ ನಿಮ್ಮ ಮೈಯಲ್ಲಿ ಹುಟ್ಟುವ ರಕ್ಷಣೆ ಹೊಟ್ಟೆಯಲ್ಲೇ ಮಗುವಿಗೆ ಹೋಗುತ್ತದೆ. ಬಾಂಗ್ಲಾದೇಶದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 340 ಗರ್ಭಿಣಿಯರಲ್ಲಿ ಅರ್ಧದಷ್ಟು ಜನಕ್ಕೆ ಫ್ಲೂ ಲಸಿಕೆ, ಉಳಿದವರಿಗೆ ಬೇರೊಂದು ಲಸಿಕೆ ಕೊಟ್ಟರು. ಫ್ಲೂ ಲಸಿಕೆ ತಗೊಂಡ ತಾಯಂದಿರ ಮಕ್ಕಳಲ್ಲಿ, ಆರು ತಿಂಗಳವರೆಗೆ, ಲ್ಯಾಬಿನಲ್ಲಿ ಖಚಿತವಾದ ಫ್ಲೂ 63% ಕಡಿಮೆ ಇತ್ತು. 2008ರಲ್ಲಿ ಅದರ ಫಲಿತಾಂಶ ಬಂತು. ನಮ್ಮ ಬಾಣಂತನದ ಕೋಣೆ ಹೇಗಿರುತ್ತದೆ ನಿಮಗೇ ಗೊತ್ತು. ಮಗು ನೋಡಲು ಬಂದವರು ಕೆಮ್ಮುತ್ತಲೇ ಎತ್ತಿಕೊಳ್ಳುತ್ತಾರೆ, ಕೆನ್ನೆಗೆ ಮುತ್ತು ಕೊಡುತ್ತಾರೆ. ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಇದನ್ನು ಹೇಳಿದಾಗ "ಹಂಗಾದರೆ ಹಾಕಿಬಿಡಮ್ಮ" ಅಂತ ಸೊಸೆಯ ಸೀರೆ ಸೆರಗು ತಾವೇ ಸರಿಸಿ ತೋಳು ತೋರಿಸಿದ ಅತ್ತೆಯರನ್ನು ನೋಡಿದ್ದೇನೆ. ಅವರಿಗೂ ಮೊಮ್ಮಗುವಿನದೇ ಚಿಂತೆ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರನ್ನು ನೇರವಾಗಿ ಕೇಳಲಿ.

ಯಾವ ತಿಂಗಳಲ್ಲಾದರೂ ತಗೊಳ್ಳಬಹುದು. ರಕ್ಷಣೆ ಬರಲು ಎರಡು ವಾರ ಬೇಕು, ಮಳೆಗಾಲದಲ್ಲಿ ಫ್ಲೂ ಜಾಸ್ತಿ, ಹಾಗಾಗಿ ತಡ ಮಾಡಬೇಡಿ. ಹಿಂದಿನ ಬಸುರಿನಲ್ಲಿ ತಗೊಂಡಿದ್ದರೂ ಈ ಸಲ ಮತ್ತೆ ಬೇಕು. ಹೊರಗಿನ ಅಂಗಡಿಯಲ್ಲಿ ಕೊಂಡರೆ ಐಸ್ ಪ್ಯಾಕ್ ಜೊತೆ ಕೊಡಿ ಅಂತ ಕೇಳಿ, ಸೀದಾ ಆಸ್ಪತ್ರೆಗೆ ತನ್ನಿ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಹಿಂದೆ ಯಾವುದಾದರೂ ಲಸಿಕೆಗೆ ಜೋರಾಗಿ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ.

ಲಸಿಕೆ ತಗೊಂಡರೂ ಕೆಲವರಿಗೆ ಫ್ಲೂ ಬರಬಹುದು. ಜೋರು ಜ್ವರ, ಕೆಮ್ಮು ಶುರುವಾದರೆ ಕಷಾಯ ಕುಡಿದು ಮಲಗಿಬಿಡಬೇಡಿ. ಫ್ಲೂ ಮಾತ್ರೆ ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ, ಉಸಿರಾಡಲು ಕಷ್ಟ ಆದರಂತೂ ರಾತ್ರಿಯಾದರೂ ಹೊರಡಿ.