ಇಂಟರ್‌ವ್ಯೂನಲ್ಲಿ ‘ಇಲ್ಲ’ ಅನ್ನೋದನ್ನೂ ಕಲಿತು ಹೋಗಿ

ಜರ್ಮನಿಯಲ್ಲಿ ಕೆಲಸ ಹುಡುಕೋಕೆ ಕೊಡುವ ಚಾನ್ಸೆನ್‌ಕಾರ್ಟೆ ವೀಸಾದಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದಿದ್ದೀರಿ. ಮುಂದಿನ ವಾರ ಕಾರಿನ ಬ್ರೇಕ್ ಸಾಫ್ಟ್‌ವೇರ್ ಕೆಲಸಕ್ಕೆ ಇಂಟರ್‌ವ್ಯೂ. ಏನು ಹಾಕಿಕೊಳ್ಳಲಿ, ಸಂಬಳ ಹೇಗೆ ಹೇಳಲಿ, ಅವರಿಗೆ ಮೆಚ್ಚುಗೆಯಾಗೋಕೆ ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಜನವರಿಯ ಹಿಮದಲ್ಲಿ ಬಂದಿಳಿದಾಗ ಇದನ್ನೆಲ್ಲ ಕೇಳೋಕೆ ಒಬ್ಬ ಕನ್ನಡದವರೂ ಗೊತ್ತಿರಲಿಲ್ಲ.

ಬಟ್ಟೆಗೆ ತಲೆ ಕೆಡಿಸಿಕೊಳ್ಳಬೇಡಿ, ಇಸ್ತ್ರಿ ಮಾಡಿದ ಶರ್ಟು ಸಾಕು. ಇಲ್ಲಿನ ಲೋಕಲ್ ರೈಲು ಎಸ್-ಬಾನ್ ತಡವಾಗುತ್ತದೆ, ಒಂದು ರೈಲು ಮುಂಚೆಯೇ ಹೊರಡಿ. ಸಂಬಳವನ್ನು ವರ್ಷದ ಲೆಕ್ಕದಲ್ಲಿ, ತೆರಿಗೆ ಕಳೆಯುವ ಮುಂಚಿನ ಮೊತ್ತವಾಗಿ ಹೇಳಿ. ರೂಪಾಯಿಗೆ ಗುಣಿಸಿ ಖುಷಿಪಡಬೇಡಿ, ಬಾಡಿಗೆ ಕಟ್ಟುವುದು ಯೂರೋದಲ್ಲೇ.

ನಿಜವಾಗಿ ಹೇಳಬೇಕಾದದ್ದು ಬೇರೆ ಇದೆ. ಈಗ ನಾನೂ ಇಂಟರ್‌ವ್ಯೂ ಮಾಡುವವರ ಜೊತೆ ಕೂರುತ್ತೇನೆ. ಒಮ್ಮೆ ಹಾಸನದ ಕಡೆಯ ಹುಡುಗ ಬಂದಿದ್ದ. ಕೋಡ್ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟ, ನನಗೆ ಒಳಗೊಳಗೇ ಹೆಮ್ಮೆ. ಆಗ ನನ್ನ ಸಹೋದ್ಯೋಗಿ, ‘ನಿಮ್ಮ ಮ್ಯಾನೇಜರ್ ಮಾತು ಒಪ್ಪದೆ ಇದ್ದ ಒಂದು ಸಂದರ್ಭ ಹೇಳಿ’ ಅಂದರು. ಹುಡುಗ ನಕ್ಕು, ‘ಹಾಗೆ ಯಾವತ್ತೂ ಮಾಡಿಲ್ಲ’ ಅಂದ. ನಮ್ಮಲ್ಲಿ ಅದು ಒಳ್ಳೆ ನಡತೆ ಅಲ್ವಾ? ಇಲ್ಲಿ ಅದರಿಂದಲೇ ಕೆಲಸ ತಪ್ಪಿತು. ಬ್ರೇಕ್‌ನಲ್ಲಿ ದೋಷ ಕಂಡರೂ ಮೇಲಿನವರ ಮುಖ ನೋಡಿ ಸುಮ್ಮನಿರುವವನು ನಮಗೆ ಬೇಡ ಅಂದರು. ಕಾರಿನ ಸುರಕ್ಷತೆಗೆ ಐಎಸ್‌ಒ 26262 ಅಂತ ನಿಯಮಾವಳಿ ಇದೆಯಲ್ಲ, ಅದರ ಪ್ರಕಾರ ಕೆಲಸ ಮಾಡುವ ಕಡೆ ಈ ಭಯ ಸಣ್ಣದಲ್ಲ.

ಆ ಹುಡುಗ ಸುಮ್ಮನಿರುವವನಲ್ಲ ಅಂತ ನನಗೆ ಅನ್ನಿಸಿತ್ತು. ‘ರಿವ್ಯೂನಲ್ಲಿ ಸೀನಿಯರ್ ಬರೆದ ಕೋಡನ್ನು ತಪ್ಪಿದೆ ಅಂತ ವಾಪಸ್ ಕಳಿಸಿದ್ದೀಯಾ’ ಅಂತ ಕೇಳಿದ್ದರೆ ಹತ್ತು ಕಥೆ ಹೇಳುತ್ತಿದ್ದನೇನೋ. ನಮ್ಮವನ ಪರ ಮಾತಾಡಿದ ಹಾಗೆ ಕಾಣುತ್ತದೆ ಅಂತ ನಾನು ಕೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ನೀವು ಬೇಡ ಅಂದದ್ದು, ತಡೆದದ್ದು, ಅದಕ್ಕೆ ಕೊಟ್ಟ ಕಾರಣ ಎಲ್ಲ ನೆನಪು ಮಾಡಿಕೊಳ್ಳಿ. ಹಳೆಯ ಮ್ಯಾನೇಜರ್‌ನ ಬೈಯಬೇಡಿ, ನಡೆದದ್ದಷ್ಟೇ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಸುತ್ತಿ ಬಳಸಬೇಡಿ. ಶನಿವಾರ ಮನೆಗೆ ಬನ್ನಿ. ನಾನು ಪ್ರಶ್ನೆ ಕೇಳುತ್ತೇನೆ, ನನ್ನ ಮಾತನ್ನೂ ಒಪ್ಪದೆ ವಾದ ಮಾಡಿ. ಊಟ ಇಲ್ಲೇ ಮಾಡಿಕೊಂಡು ಹೋಗುವಿರಂತೆ.